ಮನಿಯಾರ್ಡರು ಯಾರ ಹೆಸರಿಗೆ?

ಮುಂಬೈ ಹೊರವಲಯದ ಡೊಂಬಿವಲಿಯಲ್ಲಿರುವ ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಮೂರು ವರ್ಷ ಬಾಡಿಗೆ ಮನೆ, ಆಮೇಲೆ ಹೊಸ ಫ್ಲ್ಯಾಟು ಅಂತ ಬಿಲ್ಡರ್ ಮಾತು. ಸಾಮಾನು ಕಟ್ಟುವಾಗ ಅಟ್ಟದ ಮೇಲೆ ಹಳೆಯದೊಂದು ಡಾಲ್ಡಾ ಡಬ್ಬಿ ಸಿಕ್ಕಿತು. ಒಳಗೆ ದಾರ ಕಟ್ಟಿದ ಮನಿಯಾರ್ಡರು ರಸೀದಿಗಳು. ಅಜ್ಜ ಬೊಂಬಾಯಿಯಿಂದ ಊರಿಗೆ ಕಳಿಸಿದ ದುಡ್ಡು ಮುಟ್ಟಿದೆ ಅಂತ ಅಂಚೆಯವರು ವಾಪಸ್ ತಂದುಕೊಡುತ್ತಿದ್ದ ಚೀಟಿಗಳು. ಐದು ರೂಪಾಯಿ, ಏಳು ರೂಪಾಯಿ, ದೀಪಾವಳಿ ತಿಂಗಳಲ್ಲಿ ಹತ್ತು. ಸಹಿ ಹಾಕುವ ಜಾಗದಲ್ಲಿ ಹೆಬ್ಬೆಟ್ಟು.

ಒಂದೊಂದನ್ನೇ ಬಿಡಿಸಿ ನೋಡಿದೆ. ಒಂದು ಚೀಟಿಯೂ ಅಜ್ಜಿಯ ಹೆಸರಿನಲ್ಲಿಲ್ಲ. ಎಲ್ಲವೂ ಅಜ್ಜನ ಅಕ್ಕನ ಹೆಸರಿಗೆ. ಮದುವೆಯಾದ ಮೇಲಿನವೂ ಹಾಗೆಯೇ. ಅಮ್ಮನನ್ನು ಕೇಳಿದರೆ ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಮತ್ತೆ ಯಾರಿಗೆ ಕಳಿಸಬೇಕಿತ್ತು? ಅವರ ಮನೆ ಅದೇ ಅಲ್ವಾ?"

ನೂರು ವರ್ಷದಲ್ಲಿ ಮನೆಯ ಬದುಕು ಹೇಗೆ ಬದಲಾಯಿತು ಅಂತ ಯಾರನ್ನಾದರೂ ಕೇಳಿ. ಕೂಡು ಕುಟುಂಬ ಒಡೆಯಿತು, ಚಿಕ್ಕ ಸಂಸಾರ ಬಂತು, ಮೊಬೈಲು ಎಲ್ಲ ಕೆಡಿಸಿತು ಅನ್ನುತ್ತಾರೆ. ಮುಂಬೈಯ ಕನ್ನಡಿಗರ, ಅದರಲ್ಲೂ ಕರಾವಳಿಯಿಂದ ಬಂದವರ ಮನೆಗೆ ಈ ಕಥೆ ಸರಿ ಹೊಂದುವುದಿಲ್ಲ. ನಮ್ಮ ಮನೆ ಯಾವತ್ತೂ ಪೂರ್ತಿ ಒಂದೇ ಸೂರಿನಡಿ ಇರಲಿಲ್ಲ. ಆಗಲೂ ಎರಡು ಕಡೆ, ಈಗಲೂ ಎರಡು ಕಡೆ. ಬದಲಾದದ್ದು ದುಡ್ಡು ಯಾರ ಕಡೆ ಹೋಗುತ್ತದೆ ಅನ್ನುವುದು. ಅದರ ಹಿಂದೆಯೇ ಉಳಿದದ್ದೂ ಬದಲಾಗಿದೆ.

ನೂರು ವರ್ಷದ ಹಿಂದಿನ ಬೊಂಬಾಯಿ ಗಂಡಸರ ಊರು. 1921ರ ಜನಗಣತಿಯ ಹೊತ್ತಿಗೆ ಇಲ್ಲಿ ಹೆಚ್ಚುಕಡಿಮೆ ಇಬ್ಬರು ಗಂಡಸರಿಗೆ ಒಬ್ಬ ಹೆಂಗಸು. ಮಿಲ್ಲು, ಬಂದರು, ಹೋಟೆಲು, ಎಲ್ಲ ಕಡೆ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವರು, ಇಲ್ಲವೇ ಮೀಸೆ ಚಿಗುರದ ಹುಡುಗರು. ನಮ್ಮ ಅಜ್ಜ ಉಡುಪಿ ಕಡೆಯ ಹಳ್ಳಿಯಿಂದ 13ನೇ ವಯಸ್ಸಿಗೆ ಬಂದವರು. ಹಗಲು ಕೋಟೆ (ಫೋರ್ಟ್) ಭಾಗದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದು, ಸಂಜೆ ಕನ್ನಡ ರಾತ್ರಿ ಶಾಲೆ, ಆಮೇಲೆ ಅದೇ ಹೋಟೆಲಿನ ಎರಡು ಮೇಜು ಜೋಡಿಸಿ ನಿದ್ದೆ. ಹಾಸಿಗೆ ಅನ್ನುವುದು ಅವರಿಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ.

ಮನೆಯೇ ಇಲ್ಲದ ಊರಲ್ಲಿ ಮನೆ ಮಾಡುವ ಕೆಲಸ ಯಾರು ಮಾಡಬೇಕು? ಜಾತಿ, ಊರಿನ ಹೆಸರಿನ ಸಂಘಗಳು ಮಾಡಿದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಮೈಸೂರು ಅಸೋಸಿಯೇಷನ್ 1926, ಬಂಟರ ಸಂಘ 1927, ಬಿಲ್ಲವರ ಅಸೋಸಿಯೇಷನ್ 1932, ಕರ್ನಾಟಕ ಸಂಘ 1933. ಸಾಲಾಗಿ ಹುಟ್ಟಿದ ಈ ಇಸವಿಗಳನ್ನು ನೋಡಿದರೆ ಆ ಕಾಲದ ಅಗತ್ಯ ಏನಿತ್ತು ಅಂತ ತಿಳಿಯುತ್ತದೆ. ಕಾಯಿಲೆ ಬಿದ್ದವನನ್ನು ಯಾರು ನೋಡಬೇಕು, ಸತ್ತವನನ್ನು ಯಾರು ಹೊರಬೇಕು, ಹೊಸ ಹುಡುಗನಿಗೆ ಕೆಲಸ ಯಾರು ಹುಡುಕಬೇಕು? ಊರಲ್ಲಿ ಮಾವ, ಅಣ್ಣ ಮಾಡುವುದನ್ನು ಇಲ್ಲಿ ಸಂಘ ಮಾಡಬೇಕಿತ್ತು. ಈಗ ಸಂಘ ಅಂದರೆ ಎಸಿ ಹಾಲು, ಪ್ರತಿಭಾ ಪುರಸ್ಕಾರ, ಶಾಲು ಹಾರ. ದೂರುತ್ತಿಲ್ಲ. ಆ ಹಾಲಿನಲ್ಲೇ ನನ್ನ ಮದುವೆಯೂ ಆಗಿದೆ.

ಈಗ ಆ ರಸೀದಿಗಳಿಗೆ ಬರೋಣ. ಬಂಟರು, ಬಿಲ್ಲವರು, ಮೊಗವೀರರು, ಹೀಗೆ ತುಳುನಾಡಿನ ಹಲವರದ್ದು ಅಳಿಯಸಂತಾನ ಕಟ್ಟು. ಆಸ್ತಿ ಇಳಿಯುವುದು ಹೆಣ್ಣಿನ ಕಡೆಯಿಂದ. ಗಂಡಸಿನ 'ಕುಟುಂಬ' ಅಂದರೆ ಅವನ ತಾಯಿ, ಅಕ್ಕತಂಗಿಯರು, ಅವರ ಮಕ್ಕಳು. ಹೆಂಡತಿ ಮಕ್ಕಳು ಬೇರೊಂದು ಕುಟುಂಬದವರು, ಹೆಂಡತಿಯ ತಾಯಿಮನೆಗೆ ಸೇರಿದವರು. ಈಗಲೂ ಊರಲ್ಲಿ 'ಕುಟುಂಬದ ಮನೆ' ಅಂದರೆ ದೈವ ಇರುವ ಹಿರಿಯರ ಮನೆ. ರೇಷನ್ ಕಾರ್ಡಿನ 'ಕುಟುಂಬ' ಬೇರೆಯೇ.

ಹಾಗಾಗಿ ಅಜ್ಜನ ದುಡಿಮೆ ಅಕ್ಕನ ಮಕ್ಕಳಿಗೆ ಹೋಯಿತು. ಅಜ್ಜಿ ತನ್ನ ತಾಯಿಮನೆಯಲ್ಲಿದ್ದರು. ನನ್ನ ಅಪ್ಪನ ಅನ್ನ, ಬಟ್ಟೆ, ಸ್ಲೇಟು ಎಲ್ಲ ಅಜ್ಜಿಯ ಅಣ್ಣನ ಖರ್ಚು. ಆ ಅಣ್ಣನೂ ಬೊಂಬಾಯಿಯಲ್ಲೇ, ಅಜ್ಜ ಇದ್ದಲ್ಲಿಂದ ನಾಲ್ಕು ಓಣಿ ಆಚೆ ಇನ್ನೊಂದು ಹೋಟೆಲಿನಲ್ಲಿ! ಇಬ್ಬರೂ ಭಾನುವಾರ ಸಿಗುತ್ತಿದ್ದರಂತೆ. ಒಬ್ಬರು ಇನ್ನೊಬ್ಬರ ಮಕ್ಕಳನ್ನು ಸಾಕುತ್ತಿದ್ದರು, ಅದರ ಲೆಕ್ಕ ಯಾರೂ ಬರೆದಿಡಲಿಲ್ಲ. ಇದನ್ನು ಹೆಣ್ಣಿನ ರಾಜ್ಯ ಅಂತ ಹೊಗಳುವವರೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೆಸರು ಹೆಣ್ಣಿನದು, ಯಜಮಾನಿಕೆ ಹೆಚ್ಚಾಗಿ ಸೋದರಮಾವನದು. ರಸೀದಿಗೆ ಹೆಬ್ಬೆಟ್ಟು ಒತ್ತಿದ ದೊಡ್ಡಜ್ಜಿ ಆ ದುಡ್ಡನ್ನು ಎಷ್ಟು ಹೊತ್ತು ಕೈಯಲ್ಲಿ ಇಟ್ಟುಕೊಂಡಿದ್ದರೋ!

ಈ ಕಟ್ಟು ಸಡಿಲವಾದದ್ದು ಕಾನೂನಿನಿಂದ ಅಂತ ಪುಸ್ತಕಗಳು ಹೇಳುತ್ತವೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಂಡತಿ ಮಕ್ಕಳನ್ನು ವಾರಸುದಾರರ ಸಾಲಿಗೆ ತಂದಿತು. ನಿಜ. ಆದರೆ ನಮ್ಮ ಮನೆಯಲ್ಲಿ ಅದನ್ನು ಮೊದಲು ಮಾಡಿದ್ದು ಮುಂಬೈಯ ಪರೇಲಿನ ಒಂದು ಖೋಲಿ, ಅಂದರೆ ಒಂದೇ ಕೋಣೆಯ ಮನೆ.

ಅಜ್ಜ ಒಂದಿಷ್ಟು ಪಗಡಿ (ಬಾಡಿಗೆ ಹಕ್ಕಿಗೆ ಮುಂಗಡವಾಗಿ ಕೊಡುವ ದುಡ್ಡು) ಕೊಟ್ಟು ಚಾಳಿನಲ್ಲಿ, ಅಂದರೆ ಸಾಲು ಖೋಲಿಗಳ ಕಟ್ಟಡದಲ್ಲಿ, ಒಂದು ಖೋಲಿ ಹಿಡಿದು 1952ರಲ್ಲಿ ಅಜ್ಜಿಯನ್ನೂ ಮಕ್ಕಳನ್ನೂ ಕರೆಸಿಕೊಂಡರು. ಆಗ 1947ರ ಬಾಡಿಗೆ ಕಾಯ್ದೆ ಜಾರಿಯಲ್ಲಿತ್ತು. ಬಾಡಿಗೆ ಹೆಚ್ಚಿಸುವ ಹಾಗಿಲ್ಲ, ಸುಮ್ಮನೆ ಎಬ್ಬಿಸುವ ಹಾಗಿಲ್ಲ. ಇನ್ನೊಂದು ಮಾತೂ ಅದರಲ್ಲಿತ್ತು. ಬಾಡಿಗೆದಾರ ತೀರಿಕೊಂಡರೆ ಹಕ್ಕು ಅವನ ಜೊತೆ ವಾಸವಿದ್ದ ಮನೆಯವರಿಗೆ. ಊರಿನ ಕಟ್ಟು ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಅಂತ ಕೇಳುತ್ತದೆ. ಬೊಂಬಾಯಿಯ ಕಾಯ್ದೆ ಯಾರ ಜೊತೆ ಮಲಗಿ ಏಳುತ್ತೀ ಅಂತ ಕೇಳಿತು. ಊರಿನ ಗದ್ದೆ ಅಕ್ಕನ ಮಕ್ಕಳದ್ದು, ಸರಿ. ಆದರೆ ಖೋಲಿ ಹೆಂಡತಿ ಮಕ್ಕಳದ್ದು. ಡಬ್ಬಿಯ ರಸೀದಿಗಳಲ್ಲೂ ಇದು ಕಾಣುತ್ತದೆ. 1952ರ ನಂತರ ತಿಂಗಳಿಗೊಂದು ಇದ್ದದ್ದು ಎರಡು ತಿಂಗಳಿಗೊಂದು, ಆಮೇಲೆ ಹಬ್ಬಕ್ಕೊಂದು.

ಈ ಖೋಲಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಸರ್ಕಾರ 1920ರ ದಶಕದಲ್ಲಿ ವರ್ಲಿ, ನಾಯಗಾಂವ್ ಮುಂತಾದ ಕಡೆ ಕಟ್ಟಿದ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳಲ್ಲಿ ಒಂದು ಖೋಲಿ 160 ಚದರಡಿ. ನಮ್ಮದು ಖಾಸಗಿ ಚಾಳು, ಅಳತೆ ಹೆಚ್ಚುಕಡಿಮೆ ಅಷ್ಟೇ. ಒಂದು ಮೂಲೆಯಲ್ಲಿ ಮೋರಿ. ಊರಲ್ಲಿ ಮೋರಿ ಅಂದರೆ ಚರಂಡಿ, ಇಲ್ಲಿ ಅದೇ ಬಚ್ಚಲು, ಅದೇ ಪಾತ್ರೆ ತೊಳೆಯುವ ಜಾಗ, ಮೊಣಕಾಲೆತ್ತರದ ಕಟ್ಟೆ, ಮೇಲೊಂದು ಪರದೆ. ಪಾಯಖಾನೆ ಗ್ಯಾಲರಿಯ ಕೊನೆಗೆ, ಎಲ್ಲರಿಗೂ ಸೇರಿ. ಬೆಳಿಗ್ಗೆ ನಾಲ್ಕೂವರೆಗೆ ನಲ್ಲಿ ನೀರು.

ನಾವು ಏಳು ಜನ, ಜೊತೆಗೆ ಯಾವಾಗಲೂ ಊರಿಂದ ಕೆಲಸ ಹುಡುಕಿ ಬಂದ ಒಬ್ಬ. ರಾತ್ರಿ ಮಲಗುವ ಲೆಕ್ಕ ಪಕ್ಕಾ. ಅಜ್ಜಿ ಒಲೆ ಪಕ್ಕ, ನಾನೂ ತಮ್ಮನೂ ಕಪಾಟಿಗೆ ಕಾಲು ಚಾಚಿ, ಅಪ್ಪ ಅಮ್ಮ ಬಾಗಿಲ ಕಡೆ. ಅಜ್ಜ, ಚಿಕ್ಕಪ್ಪ, ಊರಿನ ಹುಡುಗ ಗ್ಯಾಲರಿಯಲ್ಲಿ. ಚಿಕ್ಕಪ್ಪನ ಮದುವೆಯಾದ ಹೊಸತರಲ್ಲಿ ಅಜ್ಜ ನಮ್ಮನ್ನೆಲ್ಲ ಗ್ಯಾಲರಿಗೆ ಎಬ್ಬಿಸಿಕೊಂಡು ಹೋಗುತ್ತಿದ್ದರು. "ಒಳಗೆ ಸೆಖೆ ಮಾರಾಯ್ತಿ, ಹೊರಗೆ ಬಾ." ಡಿಸೆಂಬರ್ ತಿಂಗಳು! ನನಗೆ ಆಗ ಅರ್ಥವಾಗಲಿಲ್ಲ, ಚಳಿಗೆ ಅತ್ತಿದ್ದು ಮಾತ್ರ ನೆನಪಿದೆ.

ಜನ 'ಆ ಕಾಲದ ಕೂಡು ಕುಟುಂಬ' ಅಂತ ಕಣ್ಣು ತುಂಬಿಕೊಳ್ಳುವುದು ಇದನ್ನೇ. ಅದಕ್ಕೆ ಎಷ್ಟು ವಯಸ್ಸಾಗಿತ್ತು ಅಂತ ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರು ಒಟ್ಟಿಗೆ ಇದ್ದದ್ದು 1972ರಿಂದ 1984ರವರೆಗೆ, 12 ವರ್ಷ. ಅಷ್ಟೇ. ಅಜ್ಜ ತನ್ನ ಅಜ್ಜನನ್ನು ಕಂಡವರೇ ಅಲ್ಲ. 1920ರ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 30 ವರ್ಷವೂ ಇರಲಿಲ್ಲ. ಹಸುಗೂಸುಗಳ ಸಾವೇ ಆ ಸರಾಸರಿಯನ್ನು ಎಳೆದು ಕೆಳಗಿಟ್ಟಿತ್ತು, ಸರಿ. ಆದರೂ ಮೊಮ್ಮಕ್ಕಳನ್ನು ಆಡಿಸುವಷ್ಟು ಕಾಲ ಬದುಕಿದವರು ಕಡಿಮೆಯೇ. ಜನಗಣತಿಯನ್ನು ನೋಡಿ. 1951ರಲ್ಲಿ ದೇಶದ ಸರಾಸರಿ ಮನೆಯಲ್ಲಿ ಸುಮಾರು 5 ಜನ. ಆಮೇಲೆ ಇಳಿಯಬೇಕಿತ್ತಲ್ವಾ? ಇಲ್ಲ, ಏರಿತು. 1981, 1991ರ ಹೊತ್ತಿಗೆ ಸುಮಾರು ಐದೂವರೆ. ಮಕ್ಕಳು ಉಳಿದರು, ಮುದುಕರೂ ಉಳಿದರು, ಆದರೆ ಖೋಲಿ ಹೆಚ್ಚಾಗಲಿಲ್ಲ. ನಿಜವಾಗಿ ಇಳಿದದ್ದು ಆಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು 4.4. ಅಂದರೆ ನಾವು ಅನಾದಿ ಕಾಲದ್ದು ಅಂದುಕೊಂಡ ತುಂಬಿದ ಮನೆ ಬಹಳ ಕಡೆ ಒಂದು ತಲೆಮಾರಿನ ಮಾತು. ಅದು ಸರಿಯಾಗಿ ನಮ್ಮ ಬಾಲ್ಯಕ್ಕೆ ಬಿತ್ತು. ಅದಕ್ಕೇ ಅದು ಪರಂಪರೆ ಅನ್ನಿಸುತ್ತದೆ.

ಪುಣೆಯ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಕೂಡು ಕುಟುಂಬಕ್ಕೆ ಕೊಟ್ಟ ವ್ಯಾಖ್ಯೆ ಪ್ರಸಿದ್ಧ. ಒಂದೇ ಸೂರು, ಒಂದೇ ಒಲೆಯ ಅನ್ನ, ಒಟ್ಟಾದ ಆಸ್ತಿ. ಆದರೆ ಸಮಾಜಶಾಸ್ತ್ರಜ್ಞ ಐ. ಪಿ. ದೇಸಾಯಿ ಅವರು ಸೂರು ಒಂದೇ ಇರಬೇಕಿಲ್ಲ, ಕೊಡುಕೊಳ್ಳುವ ಋಣ ಇದ್ದರೆ ಅದೂ ಕೂಡು ಕುಟುಂಬವೇ ಅಂತ ವಾದಿಸಿದರು. ಮುಂಬೈಯ ನಮಗೆ ಹೊಂದುವುದು ದೇಸಾಯಿಯವರ ಮಾತು. ಒಲೆ ಎರಡು, ಋಣ ಒಂದು.

ಒಲೆ ಅಂದಾಗ ಹೇಳಲೇಬೇಕು. ನೂರು ವರ್ಷದ ಬದಲಾವಣೆಯಲ್ಲಿ ಗಂಡಸರು ಬರೆಯುವಾಗ ಬಿಟ್ಟುಹೋಗುವುದು ಅಡುಗೆಮನೆ. ಅಜ್ಜಿ ಇದ್ದಿಲಿನ ಸಿಗಡಿಯಲ್ಲಿ ಶುರು ಮಾಡಿದವರು, ಆಮೇಲೆ ಪಂಪು ಹೊಡೆಯುವ ಸೀಮೆಎಣ್ಣೆ ಸ್ಟವ್, ಕೊನೆಗೆ ಗ್ಯಾಸು. ಆದರೆ ಅವರು ಸೋತದ್ದು ಮಿಕ್ಸಿಗೆ. ಊರಿಂದ ಹೊತ್ತು ತಂದ ರುಬ್ಬುವ ಕಲ್ಲು ಖೋಲಿಯಲ್ಲಿತ್ತು. ಬೆಳಿಗ್ಗೆ ಐದಕ್ಕೆ ಗಡಗಡ ಶುರುವಾದರೆ ಕೆಳಗಿನ ಖೋಲಿಯವರು ಕೋಲಿನಿಂದ ತಾರಸಿ ಕುಟ್ಟುತ್ತಿದ್ದರು. ಸುಮೀತ್ ಮಿಕ್ಸಿ ಬಂದ ದಿನ ಅಜ್ಜಿ ಮೊದಲು ಹೇಳಿದ್ದು ಚಟ್ನಿಗೆ ರುಚಿ ಇಲ್ಲ ಅಂತ. ಒಂದು ವಾರದ ಮೇಲೆ ಕಲ್ಲನ್ನು ಗ್ಯಾಲರಿಗೆ ಉರುಳಿಸಿದ್ದೂ ಅವರೇ.

ಉಳಿದ ಸಮಯ ಏನಾಯಿತು? ಅದೇ ಮುಖ್ಯ ಪ್ರಶ್ನೆ. ಆರಾಮಿಗೆ ಹೋಗಲಿಲ್ಲ. 1982ರ ಜನವರಿ 18ರಂದು ಮಿಲ್ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ. ಚಿಕ್ಕಪ್ಪನೂ ಅದರಲ್ಲೊಬ್ಬರು. ಮತ್ತೆ ಕೆಲಸಕ್ಕೆ ಹೋಗಲೇ ಇಲ್ಲ. ಚಿಕ್ಕಮ್ಮ ಖಾನಾವಳಿ ಶುರು ಮಾಡಿದರು. ಖಾನಾವಳಿ ಅಂದರೆ ಬೋರ್ಡು ಗೀರ್ಡು ಏನಿಲ್ಲ, ಅದೇ ಖೋಲಿಯಲ್ಲಿ ಹದಿನೈದು ಜನರಿಗೆ ಡಬ್ಬಿ. ಪರೇಲಿನಲ್ಲಿ ಇದು ಹೊಸದಲ್ಲ. ಒಂಟಿ ಕಾರ್ಮಿಕರಿಗೆ ಊಟ ಹಾಕುವ ಹೆಂಗಸರನ್ನು ಸೇರಿಸಿ ಪ್ರೇಮಾ ಪುರವ್ ಅವರು 1975ರಲ್ಲೇ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದರು, ಬ್ಯಾಂಕು ಸಾಲ ಕೊಡಿಸಿದ್ದರು. ಮಿಲ್ಲು ನಿಂತಾಗ ಎಷ್ಟೋ ಮನೆ ನಡೆದದ್ದು ಹೀಗೆ. ಸಂಬಳ ತರುವವನೇ ಯಜಮಾನ ಅನ್ನುವ ಮಾತು ಆ ವರ್ಷ ಚಾಳಿನಲ್ಲಿ ಸದ್ದಿಲ್ಲದೆ ಸತ್ತಿತು. ಆದರೂ ಮೊದಲ ತಟ್ಟೆ ಚಿಕ್ಕಪ್ಪನಿಗೇ ಬೀಳುತ್ತಿತ್ತು.

ಅಪ್ಪ ರಾತ್ರಿ ಶಾಲೆ ಮುಗಿಸಿ ಬ್ಯಾಂಕ್ ಗುಮಾಸ್ತರಾಗಿದ್ದವರು. ಬ್ಯಾಂಕ್ ಸಾಲದಲ್ಲಿ 1984ರಲ್ಲಿ ಡೊಂಬಿವಲಿಗೆ ಬಂದೆವು. ಖೋಲಿ ಚಿಕ್ಕಪ್ಪನಿಗೆ. ಅಣ್ಣತಮ್ಮ ಬೇರೆಯಾದದ್ದು ಜಗಳದಿಂದಲ್ಲ, ಒಬ್ಬರಿಗೆ ಸಾಲ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ ಅನ್ನುವುದರಿಂದ. ನನಗೆ ಗೊತ್ತಿರುವ ಹತ್ತು ಮನೆಯಲ್ಲಿ ಎಂಟು ಒಡೆದದ್ದು ಹೀಗೆಯೇ. ಸೊಸೆಯಂದಿರ ಮೇಲೆ ಹಾಕಿದ್ದು ಸುಮ್ನೆ.

ಫ್ಲ್ಯಾಟಿಗೆ ಬಂದ ಮೊದಲ ದಿನ ಅಜ್ಜಿ ಬಾಗಿಲು ತೆರೆದೇ ಕೂತರು. ಎದುರಿನ ಬಾಗಿಲು ತೆರೆಯಲಿಲ್ಲ. ಮೂರು ದಿನ ಕಾದು ಅವರೂ ಮುಚ್ಚಿದರು. ಚಾಳಿನಲ್ಲಿ ಒಂದೇ ಖೋಲಿಯ ಟಿವಿಗೆ ಇಡೀ ಮಾಳಿಗೆ ಸೇರುತ್ತಿತ್ತು, ಇಲ್ಲಿ ನಮ್ಮದೇ ಟಿವಿ. ಆದರೆ ಹೆಣ್ಣುಮಕ್ಕಳನ್ನು ಕೇಳಿದರೆ ಮುಚ್ಚಿದ ಬಾಗಿಲಿನ ಬಗ್ಗೆ ಬೇರೆಯೇ ಹೇಳುತ್ತಾರೆ. ನನಗೆ 12 ವರ್ಷ. ಸ್ನಾನಕ್ಕೆ ಚಿಲಕ ಇರುವ ಕೋಣೆ ಮೊದಲ ಸಲ ಸಿಕ್ಕಿತ್ತು. ಚಾಳಿನ ಅನ್ಯೋನ್ಯತೆ ಬಗ್ಗೆ ಭಾಷಣ ಕೇಳಿದಾಗಲೆಲ್ಲ ನನಗೆ ಆ ಚಿಲಕ ನೆನಪಾಗುತ್ತದೆ.

ಒಂದು ಮಾತು ಇಲ್ಲಿ ಸೇರಿಸಬೇಕು. ಮುಂಬೈಯ ಕನ್ನಡಿಗರೆಲ್ಲ ಹೋಟೆಲು, ಬ್ಯಾಂಕಿನವರಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಗಂಡ ಹೆಂಡತಿ ಇಬ್ಬರೂ ದುಡಿಯುವವರಾಗಿಯೇ ಬಂದರು, ಮಗು ಸೀರೆಯ ಜೋಳಿಗೆಯಲ್ಲಿ. ಅವರ ಮನೆ ಎಲ್ಲಿ ಕೆಲಸವೋ ಅಲ್ಲಿ. ನಾನು ಹೇಳುತ್ತಿರುವ ಕಥೆ ಅವರದ್ದಲ್ಲ.

ಊರು ದೂರವಿದ್ದಾಗ ವರ್ಷಕ್ಕೊಂದು ಸಲ ಹೋಗುವುದು, ಹೋದರೆ ತಿಂಗಳು ನಿಲ್ಲುವುದು. ಬಸ್ಸಿನಲ್ಲಿ ಘಟ್ಟ ಹತ್ತಿ ಇಳಿದು ಹೈರಾಣಾಗಿ ತಲುಪಿದವರು ಎರಡು ದಿನಕ್ಕೆ ಹೊರಡುತ್ತಾರೆಯೇ? 1998ರ ಜನವರಿ 26ರಂದು ಕೊಂಕಣ ರೈಲು ಪೂರ್ತಿ ತೆರೆಯಿತು. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಉಡುಪಿ. ಊರು ಹತ್ತಿರವಾಯಿತು, ನಿಲ್ಲುವುದು ಕಡಿಮೆಯಾಯಿತು. ಈಗ ನಾಗಬನದ ಪೂಜೆಗೆ ಶನಿವಾರ ಹೋಗಿ ಸೋಮವಾರ ಆಫೀಸು. ಕುಟುಂಬದ ಮನೆಗೆ ಹೊಸ ಹಂಚು, ಗ್ರಾನೈಟು, ಸಿಸಿಟಿವಿ ಎಲ್ಲ ಆಗಿದೆ. ದೀಪ ಹಚ್ಚಲು ತಿಂಗಳ ಸಂಬಳದ ಒಬ್ಬರು.

ದುಡ್ಡಿನ ದಿಕ್ಕಿಗೆ ಮತ್ತೆ ಬರುತ್ತೇನೆ. ಆಸ್ಟ್ರೇಲಿಯಾದ ಜನಸಂಖ್ಯಾ ತಜ್ಞ ಜಾನ್ ಕಾಲ್ಡ್‌ವೆಲ್ 1976ರಲ್ಲಿ ಒಂದು ವಿಚಾರ ಮುಂದಿಟ್ಟರು. ಆಮೇಲೆ ನಮ್ಮ ಕರ್ನಾಟಕದ ಹಳ್ಳಿಗಳಲ್ಲೂ ಅಧ್ಯಯನ ಮಾಡಿದವರು ಅವರು. ದುಡಿಮೆ ಮಕ್ಕಳಿಂದ ಹಿರಿಯರ ಕಡೆ ಹರಿಯುವವರೆಗೆ ಜನ ಹೆಚ್ಚು ಮಕ್ಕಳನ್ನು ಹೆರುತ್ತಾರೆ. ಅದು ತಿರುಗಿ ಹಿರಿಯರಿಂದ ಮಕ್ಕಳ ಕಡೆ ಹರಿಯತೊಡಗಿದರೆ ಮಕ್ಕಳ ಸಂಖ್ಯೆ ಇಳಿಯುತ್ತದೆ. ಇದನ್ನು ಒಪ್ಪದವರೂ ಇದ್ದಾರೆ. ನಮ್ಮ ಮನೆಗಂತೂ ಹೊಲಿಸಿದ ಅಂಗಿಯಂತೆ ಕೂರುತ್ತದೆ. ಅಜ್ಜ 13ಕ್ಕೆ ದುಡಿದು ಮೇಲಕ್ಕೆ ಕಳಿಸಿದರು. ಅಪ್ಪ ಎರಡೂ ಕಡೆ ಹಂಚಿದರು. ನಾನೂ ನನ್ನ ಗಂಡನೂ ಸೇರಿ ಮಗಳೊಬ್ಬಳ ಟ್ಯೂಷನ್, ಇಂಜಿನಿಯರಿಂಗು, ಹೊರದೇಶದ ಓದಿಗೆ ಸುರಿದೆವು. 1950ರ ದಶಕದಲ್ಲಿ ಭಾರತದ ಹೆಂಗಸಿಗೆ ಸರಾಸರಿ ಸುಮಾರು 6 ಮಕ್ಕಳು. 2019-21ರ ಅದೇ ಸಮೀಕ್ಷೆಯಲ್ಲಿ 2. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ 1.7.

ಇದರ ಪರಿಣಾಮ ಮಾತಿನಲ್ಲೂ ಕಾಣುತ್ತದೆ. ನನ್ನ ಮಗಳು ಒಬ್ಬಳೇ. ಅವಳಿಗೆ ಮಗುವಾದರೆ ಆ ಮಗುವಿಗೆ ತಾಯಿಯ ಕಡೆ ಸೋದರಮಾವ ಇಲ್ಲ, ಚಿಕ್ಕಮ್ಮ ಇಲ್ಲ. ನಮ್ಮ ಇಡೀ ಕಟ್ಟು ನಿಂತದ್ದೇ ಮಾವನ ಮೇಲೆ! ಊರಿನ ಕಾರ್ಯಕ್ಕೆ ಈಗಾಗಲೇ ನನ್ನ ಅಮ್ಮನ ಕಡೆಯ ದೂರದ ಒಬ್ಬರು ಎಲ್ಲರಿಗೂ ಮಾವನಾಗಿ ಕೂರುತ್ತಾರೆ. ಸೀಸನ್ನಿನಲ್ಲಿ ಅವರಿಗೆ ಪುರುಸೊತ್ತಿಲ್ಲ.

ಇನ್ನು ಮುದುಕರು. 2007ರ ಕಾಯ್ದೆ ಪ್ರಕಾರ ಮಕ್ಕಳು ನೋಡಿಕೊಳ್ಳದಿದ್ದರೆ ಹೆತ್ತವರು ಜೀವನಾಂಶ ಕೇಳಬಹುದು, ತಿಂಗಳಿಗೆ 10,000 ರೂಪಾಯಿವರೆಗೆ. ಒಳ್ಳೆಯದೇ. ಆದರೆ ನಾನು ನೋಡುವ ಮನೆಗಳಲ್ಲಿ ಕೊರತೆ ದುಡ್ಡಿನದ್ದಲ್ಲ, ಮಧ್ಯಾಹ್ನ ಮೂರಕ್ಕೆ ಮನೆಯಲ್ಲಿ ಇರುವ ಒಬ್ಬ ಮನುಷ್ಯರದ್ದು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಗಿದ್ದಾರೆ. ತಮ್ಮ ಕೆನಡಾದಲ್ಲಿ. ಬಿಲ್ಡಿಂಗಿನವರು "ಮಗ ಇಲ್ವಾ?" ಅಂತ ಮರಾಠಿಯಲ್ಲಿ ಕೇಳುತ್ತಾರೆ. ಅಮ್ಮನಿಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ, ಹೆಣ್ಣು ಮಗಳ ಮನೆಯಲ್ಲಿರುವುದು ಅವರಿಗೆ ಹಳೆಯ ಕಟ್ಟೇ. ಹಗಲು ನೋಡಿಕೊಳ್ಳಲು ಒಂದು ಬ್ಯೂರೋದಿಂದ ಬಾಯಿ (ಕೆಲಸದ ಹೆಂಗಸು) ಬರುತ್ತಾಳೆ, 12 ಗಂಟೆ ಪಾಳಿ. ಬ್ಯೂರೋದವರು ತಿಂಗಳಿಗೊಬ್ಬಳನ್ನು ಬದಲಿಸುತ್ತಾರೆ, ಕಮಿಷನ್ ಪ್ರತಿ ಸಲ ಹೊಸದು. ಈಗಿನವಳು ಲಾತೂರ್ ಕಡೆಯವಳು. ಅವಳ ಮಕ್ಕಳು ಊರಲ್ಲಿ ಅವಳ ತಾಯಿಯ ಜೊತೆ. ಸಂಬಳ ಬಂದ ದಿನ ಅವಳು ಫೋನಿನಲ್ಲೇ ದುಡ್ಡು ಕಳಿಸುತ್ತಾಳೆ, ತಾಯಿಯ ಹೆಸರಿಗೆ. ಅಮ್ಮ ಅದನ್ನು ನೋಡಿ "ನಮ್ಮ ಹಾಗೇ" ಅಂದರು. ಒಬ್ಬರು ತುಳು, ಒಬ್ಬಳು ಮರಾಠಿ, ಇಬ್ಬರೂ ದಿನವಿಡೀ ಮಾತಾಡುತ್ತಾರೆ.

ಹೊಸ ಫ್ಲ್ಯಾಟಿನ ಅಗ್ರಿಮೆಂಟಿನಲ್ಲಿ ಯಾರ ಹೆಸರು ಅನ್ನುವುದು ಈಗ ನಮ್ಮ ಮನೆಯ ಚರ್ಚೆ. ಹೆಂಗಸರ ಹೆಸರಿಗೆ ಮನೆ ಕೊಂಡರೆ ಮಹಾರಾಷ್ಟ್ರದಲ್ಲಿ 2021ರಿಂದ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇ. 1 ರಿಯಾಯಿತಿ ಇದೆ ಅಂತ ಯಾರೋ ತಲೆಗೆ ಹಾಕಿದ್ದಾರೆ. ಅಂತೂ ಅಮ್ಮನ ಹೆಸರು ಬರುತ್ತದೆ. ಅವರ ನಂತರ ಯಾರು ಅನ್ನುವ ಅಂಕಣಕ್ಕೆ ಬಂದಾಗ ತಮ್ಮ ವಿಡಿಯೋ ಕಾಲಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಕ್ಕನದ್ದೇ ಹಾಕಿ" ಅಂದ. ಅವನ ಹೆಂಡತಿ ಫ್ರೇಮಿನಿಂದ ಎದ್ದು ಹೋದಳು. ಅದು ಇನ್ನೂ ಬಗೆಹರಿದಿಲ್ಲ.

ಕಳೆದ ನವೆಂಬರಿನಲ್ಲಿ ಅಮ್ಮನ ಪೆನ್ಷನ್ನಿಗೆ ಜೀವಂತ ಇದ್ದಾರೆ ಅನ್ನುವ ಸರ್ಟಿಫಿಕೇಟು ಮಾಡಿಸಬೇಕಿತ್ತು. ಹುಡುಗನೊಬ್ಬ ಪುಟ್ಟ ಯಂತ್ರ ತಂದಿದ್ದ. ಅಮ್ಮ ಹೆಬ್ಬೆಟ್ಟು ಒತ್ತಿದರು, ಹಿಡಿಯಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದರು. ಪಾತ್ರೆ ತಿಕ್ಕಿ ಗೆರೆಯೇ ಸವೆದಿದೆ. ಕೊನೆಗೆ ಅವನು ಫೋನು ಎತ್ತಿ ಹಿಡಿದು "ಕಣ್ಣು ಮಿಟುಕಿಸಿ, ಅಜ್ಜಿ" ಅಂದ. ಮಿಟುಕಿಸಿದರು, ಆಯಿತು.

"ರಸೀದಿ?"

"ಮೆಸೇಜ್ ಬರುತ್ತೆ."

"ಯಾರಿಗೆ?"

ಬ್ಯಾಂಕಿನಲ್ಲಿ ಕೊಟ್ಟಿದ್ದ ನಂಬರು ತಮ್ಮನದ್ದು. ಮೆಸೇಜ್ ಅವನಿಗೇ ಹೋಯಿತು. ನಮಗೆ ನಡುರಾತ್ರಿ ಕಳೆದ ಮೇಲೆ ಅವನು ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ, ಕೆಳಗೊಂದು ಹಳದಿ ಹೆಬ್ಬೆಟ್ಟು.